ಲ್ಯಾಪ್‌ಟಾಪಿಗೆ ಪವರ್ ಬ್ಯಾಂಕ್ ಕೊಳ್ಳುವ ಮುನ್ನ ಚಾರ್ಜರ್ ತಿರುಗಿಸಿ ನೋಡಿ

ಜೋರು ಮಳೆ ಬಂದರೆ ನಮ್ಮ ಬಡಾವಣೆಯಲ್ಲಿ ಕರೆಂಟ್ ಹೋಗುವುದು ಮಾಮೂಲು. ಮನೆಯಿಂದ ಕೆಲಸ ಮಾಡುವವರು ದಯವಿಟ್ಟು ಇದನ್ನು ಓದಿ. ಹೋದ ವರ್ಷ ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, 20,000 ಎಂಎಎಚ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಎಂಬ ಅಂಕಿಯೊಂದನ್ನೇ ನೋಡಿ ಪವರ್ ಬ್ಯಾಂಕ್ ತಂದೆ. ಅದು ಕೊಡುವುದು 22.5 ವ್ಯಾಟ್ ಮಾತ್ರ. ಲ್ಯಾಪ್‌ಟಾಪ್ ಚಾರ್ಜ್ ಆಗಲೇ ಇಲ್ಲ.

ನಿಮ್ಮ ಚಾರ್ಜರ್ ತಿರುಗಿಸಿ, ಔಟ್‌ಪುಟ್ ಎಂಬ ಸಾಲನ್ನು ಓದಿ. ನನ್ನದರಲ್ಲಿ 20 ವೋಲ್ಟ್, 3.25 ಆಂಪಿಯರ್ ಎಂದಿದೆ. ಗುಣಿಸಿದರೆ 65 ವ್ಯಾಟ್. ಪವರ್ ಬ್ಯಾಂಕಿನ ಒಂದೇ ಟೈಪ್-ಸಿ ಪೋರ್ಟಿನಿಂದ ಅಷ್ಟು ಬರಬೇಕು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವುದು ಎಷ್ಟೋ ಸಲ ಎಲ್ಲ ಪೋರ್ಟುಗಳ ಒಟ್ಟು ಲೆಕ್ಕ, ಇದರಲ್ಲೇ ಹೆಚ್ಚಿನವರು ಮೋಸಹೋಗುವುದು. ಟೈಪ್-ಸಿ ಮೂಲಕ ಹೆಚ್ಚು ವ್ಯಾಟ್ ಕೊಡುವ ಪವರ್ ಡೆಲಿವರಿ ವ್ಯವಸ್ಥೆ, ಅಂದರೆ ‘ಪಿಡಿ’ ಇರಲಿ, 20 ವೋಲ್ಟ್ ನಮೂದಾಗಿರಲಿ. 60 ವ್ಯಾಟ್ ದಾಟಿದರೆ ಕೇಬಲ್ ಕೂಡ 5 ಆಂಪಿಯರ್‌ನದೇ ಬೇಕು. ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿ ಮೂಲಕ ಚಾರ್ಜ್ ಆಗುತ್ತದೆಯೇ ಎಂಬುದನ್ನೂ ಮೊದಲೇ ಖಚಿತಪಡಿಸಿಕೊಳ್ಳಿ.

ಎಷ್ಟು ಹೊತ್ತಿಗೆ ಸಾಕಾಗುತ್ತದೆ ಎಂಬುದಕ್ಕೆ ವ್ಯಾಟ್-ಅವರ್, ಅಂದರೆ ಒಳಗೆ ಒಟ್ಟು ಎಷ್ಟು ವಿದ್ಯುತ್ ಶಕ್ತಿ ತುಂಬಿದೆ ಎಂಬ ಲೆಕ್ಕ ನೋಡಿ. 20,000 ಎಂಎಎಚ್ ಎಂದರೆ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್. ಬಿಸಿಯಾಗಿ ಪೋಲಾಗುವುದನ್ನು ಕಳೆದರೆ 60ರ ಆಸುಪಾಸು ಕೈಗೆ ಸಿಗುತ್ತದೆ. 50 ವ್ಯಾಟ್-ಅವರ್ ಬ್ಯಾಟರಿ ಒಮ್ಮೆ ತುಂಬಲು ಅಷ್ಟು ಸಾಕು.

ವಿಮಾನದಲ್ಲಿ ಹೋಗುವವರು 100 ವ್ಯಾಟ್-ಅವರ್ ಮೀರದ್ದನ್ನೇ ಆರಿಸಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ.