ಹೈಲಾರ್ ಚಳಿಯಲ್ಲಿ ಪದೇ ಪದೇ ಆಫ್ ಆಗುತ್ತಿದ್ದ ಫೋನ್: ನನ್ನ ಅನುಭವ

ಚೀನಾದ ಒಳ ಮಂಗೋಲಿಯಾದಲ್ಲಿ, ಹೈಲಾರ್ ಕಡೆ ಕೆಲಸಕ್ಕೆ ಹೋಗುವವರಿಗೆ ಇದು ಉಪಯೋಗವಾಗಬಹುದು. ಜನವರಿಯಲ್ಲಿ ಅಲ್ಲಿ ಮೈನಸ್ 30 ಡಿಗ್ರಿ ಮಾಮೂಲು. ಅರ್ಧಕ್ಕಿಂತ ಜಾಸ್ತಿ ಚಾರ್ಜ್ ಇದ್ದ ಫೋನ್ ಬೀದಿಗೆ ಬಂದ ಸ್ವಲ್ಪ ಹೊತ್ತಿಗೇ ಪಟ್ ಅಂತ ಆಫ್ ಆಗುತ್ತಿತ್ತು. ದುಡ್ಡು, ಟ್ಯಾಕ್ಸಿ, ಭಾಷಾಂತರ ಎಲ್ಲಾ ಅದರೊಳಗೇ ಅಲ್ವಾ!

ಒಮ್ಮೆ ನೂಡಲ್ಸ್ ತಿಂದು, ಕ್ಯೂಆರ್ ಕೋಡ್ ಮುಂದೆ ಕಪ್ಪು ಪರದೆ ಹಿಡಿದು ನಿಂತಿದ್ದೆ. ಅಂಗಡಿಯಾಕೆ ಫೋನ್ ಇಸಿದುಕೊಂಡು ಕಿಟಕಿ ಕೆಳಗಿನ ಬಿಸಿನೀರಿನ ಹೀಟರ್‌ನಿಂದ ಒಂದು ಮೊಳ ದೂರ ಇಟ್ಟರು. ಚಹಾ ಮುಗಿಯುವಷ್ಟರಲ್ಲಿ ಫೋನ್ ಆನ್ ಆಯಿತು, ಚಾರ್ಜೂ ಹಾಗೇ ಇತ್ತು. ಅಂದರೆ ಬ್ಯಾಟರಿ ಕೆಟ್ಟಿರಲಿಲ್ಲ. ಲಿಥಿಯಂ ಬ್ಯಾಟರಿ ತೀರಾ ತಣ್ಣಗಾದರೆ ಒಳಗೆ ವಿದ್ಯುತ್ ಹರಿವಿಗೆ ಅಡ್ಡಿ (ರೋಧ) ಏರಿ ವೋಲ್ಟೇಜ್ ಕುಸಿಯುತ್ತದೆ, ಫೋನ್ ತಾನೇ ಆಫ್ ಆಗುತ್ತದೆ.

ಆಮೇಲೆ ಫೋನ್ ಜಾಕೆಟ್‌ನ ಹೊರ ಜೇಬು ಬಿಟ್ಟು, ಸ್ವೆಟರ್ ಒಳಗಿನ ಅಂಗಿ ಜೇಬಿಗೆ ಬಂತು. ಪವರ್ ಬ್ಯಾಂಕೂ ಅಲ್ಲೇ. ಹೊರಡುವ ಮೊದಲೇ ದಾರಿ ನೋಡಿಕೊಂಡು, ಹೊರಗೆ ಸುಮ್ನೆ ಫೋನ್ ತೆಗೆಯುವುದು ಬಿಟ್ಟೆ. ತಣ್ಣಗಾದ ಫೋನನ್ನು ಮಾತ್ರ ತಕ್ಷಣ ಚಾರ್ಜ್‌ಗೆ ಹಾಕಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ ಬ್ಯಾಟರಿ ನಿಜಕ್ಕೂ ಹಾಳಾಗುತ್ತದೆ.

ಇನ್ನೊಂದು: 2025ರ ಜೂನ್ 28ರಿಂದ ಚೀನಾದ ಒಳನಾಡು ವಿಮಾನಗಳಲ್ಲಿ '3ಸಿ' (ಚೀನಾದ ಕಡ್ಡಾಯ ಸುರಕ್ಷತಾ ಪ್ರಮಾಣೀಕರಣ) ಗುರುತಿಲ್ಲದ ಪವರ್ ಬ್ಯಾಂಕ್ ಒಯ್ಯಲು ಬಿಡುವುದಿಲ್ಲ. ಅಲ್ಲೇ ಕೊಳ್ಳುವುದು ವಾಸಿ. ಜೊತೆಗೆ 10, 20 ಯುವಾನ್ ನೋಟು ಒಂದಷ್ಟು ಇರಲಿ. 100ರ ನೋಟಿಗೆ ಚಿಲ್ಲರೆ ಹುಡುಕಿಸುವ ಗೋಳು ಬೇಡ.