ಕಿತ್ತಳೆ-ನಿಂಬೆ ಡ್ರೆಸ್ಸಿಂಗ್ ಮನೇಲೇ ಮಾಡ್ಕೊಳ್ಳೋದು ಹೇಗೆ?

ಅಂಗಡೀಲಿ ಸಿಗೋ ಸಲಾಡ್ ಡ್ರೆಸ್ಸಿಂಗ್ ಬಾಟ್ಲಿ ತಿರುಗಿಸಿ ಹಿಂದಿನ ಲೇಬಲ್ ಒಂದ್ಸಲ ಓದಿ ನೋಡಿ, ನೀರು, ಎಣ್ಣೆ, ಸಕ್ಕರೆ, ದಪ್ಪ ಆಗೋಕೆ ಗಮ್ಮು, ಕೆಡದೇ ಇರೋಕೆ ಪ್ರಿಸರ್ವೇಟಿವ್, ಇಷ್ಟೇ ಜಾಸ್ತಿ ಇರತ್ತೆ, ಹಣ್ಣಿನ ರಸ ಎಷ್ಟಿದೆ ಅಂತ ಹುಡುಕ್ಬೇಕು. ಮನೇಲಿ ಮಾಡಿದ್ರೆ ಐದ್ಹತ್ತು ನಿಮಿಷದ ಕೆಲಸ, ಒಲೆ ಹಚ್ಚೋದೂ ಬೇಡ. ನಮ್ಮ ಕೋಸಂಬರಿಗೂ ಹಾಕೋದು ಒಗ್ಗರಣೆ ಎಣ್ಣೆ, ನಿಂಬೆರಸ, ಉಪ್ಪು ತಾನೇ? ಡ್ರೆಸ್ಸಿಂಗಲ್ಲೂ ಮುಖ್ಯವಾಗಿ ಅವೇ ಮೂರು, ಆದ್ರೆ ತರಕಾರಿಗೆ ಹಾಕೋಕೆ ಮುಂಚೇನೇ ಅವನ್ನ ಒಂದಕ್ಕೊಂದು ಬೆರೆಸ್ಕೋಬೇಕು. ಯಾವುದನ್ನ ಮೊದ್ಲು ಹಾಕ್ತೀರಿ, ಯಾವುದನ್ನ ಕೊನೆಗೆ ಹಾಕ್ತೀರಿ ಅನ್ನೋದ್ರಲ್ಲೇ ರುಚಿ ಇರೋದು.

ನಾಲ್ಕು ಜನಕ್ಕೆ ಸಾಕಾಗೋಷ್ಟು ಮಾಡೋಕೆ ಕಿತ್ತಳೆ ರಸ 3 ದೊಡ್ಡ ಚಮಚ (ಒಂದು ಚಮಚ ಅಂದ್ರೆ 15 ಎಂಎಲ್), ನಿಂಬೆರಸ 1 ದೊಡ್ಡ ಚಮಚ, ಎಣ್ಣೆ 4 ದೊಡ್ಡ ಚಮಚ, ಜೇನುತುಪ್ಪ 1 ಟೀ ಚಮಚ, ಸಾಸಿವೆ ಪೇಸ್ಟ್ 1 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಆಗಷ್ಟೇ ಕುಟ್ಟಿದ ಕಾಳುಮೆಣಸು ಸ್ವಲ್ಪ, ಕಿತ್ತಳೆ ಸಿಪ್ಪೆಯ ತುರಿ ಅರ್ಧ ಟೀ ಚಮಚ. ವಿನೆಗರ್ ಹಾಕಿ ಮಾಡೋವಾಗ ಒಂದು ಪಾಲು ವಿನೆಗರ್‌ಗೆ ಮೂರು ಪಾಲು ಎಣ್ಣೆ ಅನ್ನೋ ಲೆಕ್ಕ ಇದೆ, ಅದನ್ನೇ ಇಲ್ಲೂ ಹಾಕಿದ್ರೆ ಬರೀ ಎಣ್ಣೆ ಎಣ್ಣೆ ಅನ್ಸತ್ತೆ. ಕಿತ್ತಳೆ ರಸದಲ್ಲಿ ವಿನೆಗರ್‌ನಷ್ಟು ಹುಳಿ ಇರಲ್ಲ, ಹಾಗಾಗಿ ರಸ ಎಣ್ಣೆ ಎರಡೂ ಸಮಸಮ ಇರ್ಲಿ, ಹುಳಿಯ ಭಾರವನ್ನ ಆ ಒಂದು ಚಮಚ ನಿಂಬೆರಸ ಹೊತ್ಕೊಳ್ಳತ್ತೆ.

ಹಣ್ಣಿನ ವಿಷ್ಯಕ್ಕೆ ಬಂದ್ರೆ ಕೊಡಗಿನ ಕಿತ್ತಳೆ ಸಿಕ್ಕಿದ್ರೆ ಬಿಡ್ಬೇಡಿ, ಕಾಫಿ ತೋಟದ ನೆರಳಲ್ಲಿ ಬೆಳೆದ ಆ ಹಣ್ಣಿನ ಸಿಹಿ ಜೊತೆ ಒಳ್ಳೆ ಹುಳೀನೂ ಇರತ್ತೆ, ಡ್ರೆಸ್ಸಿಂಗಿಗೆ ಅದೇ ಬೇಕಾಗಿರೋದು, ಸಿಪ್ಪೆ ಹಸಿರು ಹಳದಿ ಇದೆ ಅಂತ ಕಾಯಿ ಅಂದ್ಕೊಂಡು ವಾಪಸ್ ಇಡೋದು ಬೇಡ. ಇಲ್ಲಾಂದ್ರೆ ಚಳಿಗಾಲದಲ್ಲಿ ಬರೋ ನಾಗ್ಪುರದ್ದೂ ಆಗತ್ತೆ. ನಿಂಬೆ ಯಾವುದಾದ್ರೂ ಸರಿ, ವಿಜಯಪುರದ ಕಡೆಯವ್ರಿಗೆ ಇಂಡಿ ಲಿಂಬೆ ಇದ್ದೇ ಇದೆ, ಅದಕ್ಕೆ ಜಿಐ ಟ್ಯಾಗೂ (ಇಂಥ ಊರಿನದ್ದೇ ವಿಶೇಷ ಬೆಳೆ ಅಂತ ಕೊಡೋ ಅಧಿಕೃತ ಗುರುತು) ಸಿಕ್ಕಿದೆ. ನಿಂಬೆ ಬದ್ಲು ಹೇರಳೆಕಾಯಿ ರಸಾನೂ ಹಾಕಬಹುದು, ಚಿತ್ರಾನ್ನಕ್ಕೆ ಹಾಕಿ ಗೊತ್ತಿರೋರಿಗೆ ಆ ಸಣ್ಣ ಒಗರು ಇಷ್ಟ ಆಗ್ಬಹುದು. ಮೋಸಂಬಿ ಮಾತ್ರ ಜೋಪಾನ. ಹಿಂಡಿದ ತಕ್ಷಣ ಸಿಹಿಯಾಗಿರತ್ತೆ, ಒಂದಷ್ಟು ಹೊತ್ತು ಇಟ್ರೆ ಕಹಿ ಆಗತ್ತೆ, ಜ್ಯೂಸ್ ಮಾಡಿಟ್ಟು ಮರೆತಿರೋರಿಗೆಲ್ಲ ಇದು ಗೊತ್ತು. ರಸದಲ್ಲಿರೋ ಒಂದು ಅಂಶ ಹುಳಿ ಜೊತೆ ಸೇರಿ ನಿಧಾನಕ್ಕೆ ಲಿಮೋನಿನ್ ಅನ್ನೋ ಕಹಿ ಪದಾರ್ಥ ಆಗೋದ್ರಿಂದ ಹೀಗಾಗೋದು. ಮೋಸಂಬಿ ಹಾಕಿದ್ರೆ ಆವಾಗ್ಲೇ ಖಾಲಿ ಮಾಡಿ, ಫ್ರಿಜ್ಜಲ್ಲಿ ಇಡ್ಬೇಡಿ.

ಮೊದಲ್ನೇ ಕೆಲಸ ಸಿಪ್ಪೆ ತುರಿಯೋದು, ರಸ ಹಿಂಡಿದ ಮೇಲೆ ಮೆತ್ತಗಾದ ಹಣ್ಣನ್ನ ತುರಿಯೋಕೆ ಆಗಲ್ಲ. ಮೇಲೆ ಮೇಣ ಹಚ್ಚಿರಬಹುದು, ಅದಕ್ಕೆ ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ತೊಳ್ದು ಒರೆಸ್ಕೊಳ್ಳಿ. ಚಿಕ್ಕವರಿದ್ದಾಗ ಕಿತ್ತಳೆ ಸಿಪ್ಪೆ ಮಡಚಿ ಒಬ್ರ ಕಣ್ಣಿಗೆ ಒಬ್ರು ಚಿಮ್ಮಿಸ್ತಿದ್ವಲ್ಲ, ಆ ಉರಿಯೋ ಹನಿನೇ ಕಿತ್ತಳೆಯ ಸುವಾಸನೆ ಎಣ್ಣೆ. ಅದಿರೋದು ಮೇಲಿನ ಬಣ್ಣದ ಪದರದಲ್ಲಿ ಮಾತ್ರ. ತುರಿಮಣೆಯ ಸಣ್ಣ ಕಣ್ಣಿನ ಮೇಲೆ ಹಗುರವಾಗಿ ಒಂದೆರಡು ಸಲ ಎಳೀರಿ, ಬಿಳಿ ಕಾಣಿಸ್ತಿದ್ದ ಹಾಗೆ ಹಣ್ಣು ತಿರುಗಿಸಿ, ಬಿಳಿ ಭಾಗ ಬರೀ ಕಹಿ. ಕಮಲಾ ಜಾತಿಯ ಸಡಿಲ ಸಿಪ್ಪೆ ಹಣ್ಣಾದ್ರೆ ಒತ್ತಿದಾಗ ಸಿಪ್ಪೆ ಒಳಗೆ ಹೋಗತ್ತೆ, ಬಿಗಿಯಾಗಿ ಹಿಡ್ಕೊಂಡು ತುರೀಬೇಕು.

ಆಮೇಲೆ ಬೀಜ ಬೀಳದ ಹಾಗೆ ರಸ ಹಿಂಡಿ, ಗಾಜಿನ ಬಾಟ್ಲಿಗೆ ಸೋಸ್ಕೊಳ್ಳಿ, ಹಳೇ ಜಾಮ್ ಬಾಟ್ಲಿ ಸಾಕು. ಅಲ್ಯುಮಿನಿಯಂ, ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಕಿಲುಬು ಬಿಡತ್ತೆ. ಈ ರಸಕ್ಕೆ ಮೊದ್ಲು ಉಪ್ಪು ಹಾಕಿ ಪೂರ್ತಿ ಕರಗಿಸಿ, ಆಮೇಲೆ ಜೇನುತುಪ್ಪ, ಸಾಸಿವೆ, ತುರಿ, ಮೆಣಸು. ಎಣ್ಣೆ ಮೊದ್ಲು ಹಾಕಿದ್ರೆ ಉಪ್ಪಿನ ಹರಳು ಅದರಲ್ಲಿ ಕರಗದೇ ತಳದಲ್ಲಿ ಕೂತ್ಕೊಳ್ಳತ್ತೆ, ಒಂದು ತುತ್ತು ಸಪ್ಪೆ, ಇನ್ನೊಂದು ತುತ್ತು ಉಪ್ಪುಪ್ಪು.

ಸಾಸಿವೆ ಇಲ್ಲಿ ಖಾರಕ್ಕಷ್ಟೇ ಅಲ್ಲ. ಎಣ್ಣೆ ರಸ ಬೇರೆ ಆಗದೇ ಇರೋಕೆ ಅದು ಬೇಕು, ಸಾಸಿವೆ ಸಿಪ್ಪೆಯಲ್ಲಿರೋ ಲೋಳೆ ಎಣ್ಣೆಯ ಸಣ್ಣ ಹನಿಗಳನ್ನ ಸುತ್ತಿ ಹಿಡ್ಕೊಳ್ಳತ್ತೆ. ಬಾಟ್ಲಿ ಪೇಸ್ಟ್ ಇಲ್ಲದಿದ್ರೆ ಅರ್ಧ ಟೀ ಚಮಚ ಸಾಸಿವೆ ಪುಡಿ ಮಾಡಿ ತಣ್ಣೀರಲ್ಲಿ ಕಲಸಿ ಹತ್ತು ನಿಮಿಷ ಬಿಡಿ. ನೀರಲ್ಲೇ ಕಲಸಿ, ನಿಂಬೆರಸದಲ್ಲಿ ಬೇಡ, ನೀರು ತಾಗಿದ ಮೇಲೇ ಸಾಸಿವೆಯ ಘಾಟು ಹುಟ್ಟೋದು, ಹುಳಿ ಮೊದ್ಲೇ ಸೇರಿದ್ರೆ ಘಾಟು ಅಷ್ಟಾಗಿ ಏಳಲ್ಲ.

ಎಣ್ಣೆ ಕೊನೆಗೆ. ಆಲಿವ್ ಎಣ್ಣೆನೇ ಆಗ್ಬೇಕು ಅಂತೇನಿಲ್ಲ, ಗಾಣದ ಕಡಲೆಕಾಯಿ ಎಣ್ಣೆ ಹಾಕಿದ್ರೆ ಕಿತ್ತಳೆ ಜೊತೆ ಬರೋ ಆ ಹುರಿದ ಪರಿಮಳ ನಂಗಂತೂ ಆಲಿವ್‌ಗಿಂತ ಇಷ್ಟ. ಘಮ ಬೇಡ ಅನ್ನೋರು ಸನ್‌ಫ್ಲವರ್ ಹಾಕ್ಲಿ. ತೆಂಗಿನೆಣ್ಣೆ ಫ್ರಿಜ್ಜಲ್ಲಿ ಗಟ್ಟಿ ಆಗಿ ಗಂಟು ಕಟ್ಟತ್ತೆ, ಬೇಡ. ಮುಚ್ಚಳ ಭದ್ರ ಮಾಡಿ ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸಿ, ತಿಳಿಯಾಗಿದ್ದದ್ದು ಮಬ್ಬಾಗಿ, ತೆಳು ಕೆನೆ ಬಣ್ಣಕ್ಕೆ ತಿರುಗಿದ್ರೆ ಕೂಡ್ಕೊಂಡಿದೆ ಅಂತ.

ರುಚಿ ನೋಡೋದು ಚಮಚದಲ್ಲಿ ಅಲ್ಲ, ಒಂದು ಸೌತೆಕಾಯಿ ಹೋಳು ಅದ್ದಿ ತಿಂದು ನೋಡಿ. ಬರೀ ಡ್ರೆಸ್ಸಿಂಗ್ ನಾಲಿಗೆಗೆ ಜೋರು ಅನ್ಸತ್ತೆ, ಹೆದರಿ ನೀರು ಹಾಕಿದ್ರೆ ತರಕಾರಿ ಜೊತೆ ಸಪ್ಪೆ ಆಗಿಬಿಡತ್ತೆ. ಹುಳಿ ಜಾಸ್ತಿ ಆದ್ರೆ ಜೇನು, ಜಿಡ್ಡು ಅನ್ಸಿದ್ರೆ ನಾಲ್ಕು ಹನಿ ನಿಂಬೆ, ಏನೋ ಕಮ್ಮಿ ಆದ್ರೆ ಸಾಮಾನ್ಯವಾಗಿ ಉಪ್ಪೇ. ಒಂದು ವರ್ಷದೊಳಗಿನ ಮಗುಗೆ ತಿನ್ಸೋದಿದ್ರೆ ಜೇನುತುಪ್ಪ ಹಾಕ್ಲೇಬೇಡಿ.

ಸೌತೆಕಾಯಿ, ಕ್ಯಾರೆಟ್, ಮೊಳಕೆ ಹೆಸರುಕಾಳು, ಈರುಳ್ಳಿ ಎಲ್ಲದಕ್ಕೂ ಒಪ್ಪತ್ತೆ. ಕ್ಯಾರೆಟ್‌ಗೆ ಎಣ್ಣೆ ಸೇರಿದ್ರೆ ಅದರಲ್ಲಿರೋ ಬೀಟಾ ಕ್ಯಾರೊಟಿನ್ (ಮೈಯೊಳಗೆ ವಿಟಮಿನ್ ಎ ಆಗೋ ಅಂಶ) ಮೈಗೆ ಚೆನ್ನಾಗಿ ಹತ್ತತ್ತೆ ಕೂಡ. ದೇವನಹಳ್ಳಿ ಚಕ್ಕೋತ ಸಿಕ್ಕಿದ್ರೆ ತೊಳೆ ಬಿಡಿಸಿ, ಸೌತೆಕಾಯಿ, ಹುರಿದ ಕಡಲೆಕಾಯಿ ಬೀಜ, ಕೊತ್ತಂಬರಿ ಸೊಪ್ಪು ಹಾಕಿ ಇದನ್ನ ಮೇಲೆ ಸುರೀರಿ, ಅದ್ಭುತ. ತೊಳೆದ ಸೊಪ್ಪು ತರಕಾರಿ ಬಟ್ಟೇಲಿ ಒರೆಸಿರ್ಬೇಕು, ನೀರಿದ್ರೆ ಡ್ರೆಸ್ಸಿಂಗ್ ಅಂಟದೇ ಬಟ್ಟಲ ತಳಕ್ಕೆ ಜಾರತ್ತೆ. ಕಲಸೋದು ತಟ್ಟೆಗೆ ಹಾಕೋ ಹೊತ್ತಿಗೆ, ಮೊದ್ಲೇ ಕಲಸಿದ್ರೆ ಸೌತೆಕಾಯಿ ನೀರು ಬಿಟ್ಟು ಎಲ್ಲ ತೆಳ್ಳಗಾಗತ್ತೆ.

ಉಳಿದದ್ದನ್ನ ಫ್ರಿಜ್ಜಲ್ಲಿ ಇಟ್ಟು ಮೂರು ದಿನದೊಳಗೆ ಮುಗಿಸಿ. ಹಸಿ ಬೆಳ್ಳುಳ್ಳಿ ಹಾಕಿದ್ರೆ ಹೊರಗೆ ಇಡೋದೇ ಬೇಡ, ಎಣ್ಣೇಲಿ ಮುಳುಗಿರೋ ಬೆಳ್ಳುಳ್ಳೀಲಿ ಅಪಾಯದ ಬ್ಯಾಕ್ಟೀರಿಯಾ ಬೆಳೆಯೋ ಸಾಧ್ಯತೆ ಇದೆ. ಫ್ರಿಜ್ಜಿಂದ ತೆಗೆದಾಗ ಎಣ್ಣೆ ಮಂದ ಆಗಿ ಮೇಲೆ ನಿಂತಿದ್ರೆ ಕೆಟ್ಟಿದೆ ಅಂತಲ್ಲ, ಹದಿನೈದು ನಿಮಿಷ ಹೊರಗಿಟ್ಟು ಇನ್ನೊಮ್ಮೆ ಅಲ್ಲಾಡಿಸಿ. ಎರಡು ಚಮಚದಷ್ಟೇ ಉಳಿದಿದ್ರೆ ಬೇಯಿಸಿದ ಕಡಲೆಕಾಳು ಬಿಸಿ ಇರೋವಾಗ್ಲೇ ಅದರ ಮೇಲೆ ಹಾಕಿ ಕಲಸಿಡಿ, ಬಿಸಿಗೆ ಕಾಳು ಚೆನ್ನಾಗಿ ಹೀರ್ಕೊಳ್ಳತ್ತೆ, ಸಂಜೆ ತಿಂಡಿಗೆ ಆಯ್ತು.