400 ಹುಡುಗರು, 300 ಎಂಬಿಪಿಎಸ್

ನಾನು ನೋಡಿಕೊಳ್ಳುವುದು ಒಂದು ಇಂಜಿನಿಯರಿಂಗ್ ಕಾಲೇಜಿನ ಬಾಯ್ಸ್ ಹಾಸ್ಟೆಲ್‌ನ ನೆಟ್‌ವರ್ಕ್. 400 ಹುಡುಗರಿಗೆ 300 ಎಂಬಿಪಿಎಸ್‌ನ ಒಂದು ಲೀಸ್ಡ್ ಲೈನ್, ಅಂದರೆ ಕಂಪನಿಯಿಂದ ನಮಗಷ್ಟೇ ಅಂತ ಬಾಡಿಗೆಗೆ ಪಡೆದ ಇಂಟರ್ನೆಟ್ ಲೈನ್. ಭಾಗಿಸಿದರೆ ತಲೆಗೆ ಮುಕ್ಕಾಲು ಎಂಬಿಪಿಎಸ್. ಕೇಳಿದವರಿಗೆ ಅಯ್ಯೋ ಅನಿಸುತ್ತದೆ, ಆದರೆ ಎಲ್ಲರೂ ಒಂದೇ ಕ್ಷಣಕ್ಕೆ ಡೌನ್‌ಲೋಡ್ ಮಾಡುವುದಿಲ್ಲ. ವಾಟ್ಸಾಪ್ ನೋಡುವವನಿಗೆ, ಪಿಡಿಎಫ್ ಓದುವವನಿಗೆ ಲೈನ್ ಬೇಕಾಗುವುದು ಆಗೊಮ್ಮೆ ಈಗೊಮ್ಮೆ.

ಆದರೂ ರಾತ್ರಿ ಹತ್ತಾದರೆ ದೂರು ಶುರು. "ಸರ್, ನೆಟ್ ಬರ್ತಾನೇ ಇಲ್ಲ." ವಾರ್ಡನ್ ಸರ್ ಹೇಳಿದ್ದು ಎಲ್ಲ ವಾರ್ಡನ್‌ಗಳೂ ಹೇಳುವುದನ್ನೇ: "ಯೂಟ್ಯೂಬ್ ಬ್ಲಾಕ್ ಮಾಡಿಬಿಡ್ರೀ." ಐಐಟಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ವಿಡಿಯೊ ಪಾಠಗಳೂ ಅಲ್ಲೇ ಇವೆ ಸರ್, ಅಂದೆ. ಬ್ಲಾಕ್ ಮಾಡಿದರೆ ಹುಡುಗರು ವಿಪಿಎನ್ (ಟ್ರಾಫಿಕ್ಕನ್ನು ಮುಚ್ಚಿಟ್ಟು ಸಾಗಿಸುವ ಆ್ಯಪ್) ಹಾಕಿಕೊಳ್ಳುತ್ತಾರೆ. ಆಮೇಲೆ ಯಾವ ಟ್ರಾಫಿಕ್ ಯಾವುದು ಅಂತ ನಮಗೇ ಗೊತ್ತಾಗಲ್ಲ.

ದಿನಕ್ಕೆ ಇಷ್ಟೇ ಜಿಬಿ ಅಂತ ಲಿಮಿಟ್ ಹಾಕುವ ಮಾತೂ ಬಂತು. ಲಿಮಿಟ್ ಲೆಕ್ಕ ಇಡುವುದು ಮ್ಯಾಕ್ ಅಡ್ರೆಸ್ ಮೇಲೆ, ಅಂದರೆ ಪ್ರತಿ ಫೋನ್, ಲ್ಯಾಪ್‌ಟಾಪ್‌ಗೂ ಇರುವ ಗುರುತಿನ ಸಂಖ್ಯೆಯ ಮೇಲೆ. ಆಂಡ್ರಾಯ್ಡ್ 10, ಐಓಎಸ್ 14 ಬಂದ ಮೇಲೆ ಫೋನ್‌ಗಳು ಸಾಮಾನ್ಯವಾಗಿ ವೈಫೈಗೆ ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ ಕೊಡುವುದಿಲ್ಲ. ವಿಂಡೋಸ್‌ನಲ್ಲಂತೂ ಅದನ್ನು ದಿನಕ್ಕೊಮ್ಮೆ ಬದಲಿಸುವ ಆಯ್ಕೆಯೇ ಇದೆ. ಅಡ್ರೆಸ್ ಬದಲಾದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಇಂಜಿನಿಯರಿಂಗ್ ಹುಡುಗರ ಹಾಸ್ಟೆಲ್‌ನಲ್ಲಿ ಇದು ಎಷ್ಟು ಹೊತ್ತು ಗುಟ್ಟಾಗಿ ಉಳಿದೀತು?

ಲೈನ್ ಸಾಲುತ್ತಿಲ್ಲವೋ, ಬೇರೇನಾದರೂ ಇದೆಯೋ ಅಂತ ನೋಡಲು ಕೇಬಲ್ ಹಾಕಿದ ಲ್ಯಾಪ್‌ಟಾಪ್‌ನಿಂದ ಪಿಂಗ್ ಬಿಟ್ಟೆ, ಅಂದರೆ ಒಂದು ಚಿಕ್ಕ ಪ್ಯಾಕೆಟ್ (ಡೇಟಾದ ತುಣುಕು) ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ಅಳೆದೆ. ಬೆಳಿಗ್ಗೆ 15 ಮಿಲಿಸೆಕೆಂಡ್ ಇದ್ದದ್ದು ರಾತ್ರಿ 700 ದಾಟುತ್ತಿತ್ತು. ಪ್ಯಾಕೆಟ್ ಕಳೆದುಹೋಗುತ್ತಿರಲಿಲ್ಲ, ಸುಮ್ನೆ ಎಲ್ಲೋ ಕಾಯುತ್ತಾ ನಿಂತಿತ್ತು. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ಮೆಸ್ಸಿನಲ್ಲಿ ಒಬ್ಬನೇ ನಲವತ್ತು ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ, ಹಿಂದೆ ಒಂದು ಲೋಟ ಮಜ್ಜಿಗೆಗೆ ಬಂದವನೂ ಕಾಯಬೇಕು. ಟೊರೆಂಟ್ ಹಚ್ಚಿದವನು ಮಾಡುವುದು ಅದನ್ನೇ, ಒಬ್ಬನೇ ಹತ್ತಾರು ಕನೆಕ್ಷನ್ ತೆರೆದು ಕೂರುತ್ತಾನೆ.

ಲ್ಯಾಬ್‌ನಿಂದ ತೆಗೆದುಹಾಕಿದ್ದ ಒಂದು ಪಿಸಿ ತಂದು, ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ, ಲಿನಕ್ಸ್ ಇನ್‌ಸ್ಟಾಲ್ ಮಾಡಿ ಅದನ್ನೇ ಗೇಟ್‌ವೇ, ಅಂದರೆ ಹಾಸ್ಟೆಲ್‌ನ ಎಲ್ಲ ಟ್ರಾಫಿಕ್ ಹಾದುಹೋಗುವ ಬಾಗಿಲು, ಮಾಡಿದೆ. ಲಿನಕ್ಸ್ ಕರ್ನಲ್ 4.19ರಿಂದ, ಅಂದರೆ 2018ರಿಂದ, ಕೇಕ್ ಅನ್ನುವ ಕ್ಯೂ ವ್ಯವಸ್ಥೆ ಅದರಲ್ಲೇ ಬರುತ್ತದೆ. ವೇಗವನ್ನು 300ಕ್ಕೆ ಬದಲು 285ಕ್ಕೆ ಇಟ್ಟೆ. ಇದನ್ನು ಕಂಡು ಸಹೋದ್ಯೋಗಿಯೊಬ್ಬರು "ದುಡ್ಡು ಕೊಟ್ಟು ತಗೊಂಡಿದ್ದನ್ನ ನೀವೇ ಕಮ್ಮಿ ಮಾಡ್ತಿದ್ದೀರಲ್ರೀ" ಅಂದರು. ಕಾರಣ ಇದೆ. ಪೂರ್ತಿ ವೇಗ ಬಿಟ್ಟರೆ ಸಾಲು ಬೆಳೆಯುವುದು ಕಂಪನಿಯವರ ಪೆಟ್ಟಿಗೆಯಲ್ಲಿ, ಅಲ್ಲಿ ನಮ್ಮ ಮಾತು ನಡೆಯಲ್ಲ. ಸ್ವಲ್ಪ ಕಮ್ಮಿ ಮಾಡಿದರೆ ಸಾಲು ನಮ್ಮ ಪಿಸಿಗೆ ಬರುತ್ತದೆ, ಹಂಚುವುದು ನಮ್ಮ ಕೈಯಲ್ಲಿರುತ್ತದೆ.

ಹಂಚಿಕೆ ಕನೆಕ್ಷನ್ ಲೆಕ್ಕದಲ್ಲಲ್ಲ, ಐಪಿ ಲೆಕ್ಕದಲ್ಲಿ, ಅಂದರೆ ನೆಟ್‌ವರ್ಕ್ ಪ್ರತಿ ಸಾಧನಕ್ಕೆ ಕೊಡುವ ವಿಳಾಸದ ಲೆಕ್ಕದಲ್ಲಿ. ಇದಕ್ಕೆ ಕೇಕ್‌ನಲ್ಲಿ ಡೌನ್‌ಲೋಡ್ ಕಡೆಗೆ ಡ್ಯುಯಲ್-ಡೆಸ್ಟ್‌ಹೋಸ್ಟ್, ಅಪ್‌ಲೋಡ್ ಕಡೆಗೆ ಡ್ಯುಯಲ್-ಸೋರ್ಸ್‌ಹೋಸ್ಟ್ ಅನ್ನುವ ಆಯ್ಕೆಗಳಿವೆ. ಅಪ್‌ಲೋಡ್ ಕಡೆ ನ್ಯಾಟ್ ಅನ್ನುವ ಪದವನ್ನೂ ಸೇರಿಸಲೇಬೇಕು. ನ್ಯಾಟ್ ಅಂದರೆ ಹೊರಗೆ ಹೋಗುವಾಗ ಎಲ್ಲರ ಐಪಿಗಳನ್ನೂ ಒಂದೇ ಐಪಿಯಾಗಿ ಬದಲಿಸುವುದು. ಆ ಪದ ಇಲ್ಲದಿದ್ದರೆ 400 ಜನರೂ ಕೇಕ್‌ಗೆ ಒಬ್ಬನೇ ಆಗಿ ಕಾಣುತ್ತಾರೆ. ಯಾರೂ ಇಲ್ಲದ ಮಧ್ಯಾಹ್ನ ಒಬ್ಬ ಹುಡುಗ ಪೂರ್ತಿ 285 ಎಳೆದುಕೊಳ್ಳಲಿ, ತೊಂದರೆಯಿಲ್ಲ. ಹತ್ತು ಜನ ಬಂದರೆ ಹತ್ತು ಪಾಲು. ಈಗ ರಾತ್ರಿ ಪಿಂಗ್ 30ರ ಆಸುಪಾಸು. ಲೈನ್ ಅದೇ, ಬಿಲ್ ಅದೇ.

ಒಂದು ತಮಾಷೆ. ಹುಡುಗರು ರೂಮಿನಲ್ಲಿ ಸ್ವಂತ ವೈಫೈ ರೌಟರ್ ಇಟ್ಟುಕೊಳ್ಳುತ್ತಿದ್ದರು. ಬೇಡ ಅಂತ ನೋಟಿಸ್ ಹಾಕಿದರೂ ಕೇಳಲಿಲ್ಲ. ರೌಟರ್ ಹಿಂದೆ ನಾಲ್ಕು ಜನ ಇದ್ದರೂ ನಮ್ಮ ಕಡೆಗೆ ಕಾಣುವುದು ಒಂದೇ ಐಪಿ. ಹಾಗಾಗಿ ನಾಲ್ವರಿಗೂ ಸೇರಿ ಒಂದೇ ಪಾಲು! ಇದು ಗೊತ್ತಾದ ಮೇಲೆ ಬಹಳಷ್ಟು ರೌಟರ್‌ಗಳು ತಾವಾಗಿಯೇ ಕಪಾಟು ಸೇರಿದವು. ಫೋನ್, ಲ್ಯಾಪ್‌ಟಾಪ್ ಎರಡೂ ಇರುವವನಿಗೆ ಎರಡು ಪಾಲು ಸಿಗುತ್ತದೆ ನಿಜ. ಹೆಚ್ಚುಕಮ್ಮಿ ಎಲ್ಲರ ಹತ್ತಿರವೂ ಎರಡೂ ಇವೆ, ನಾನು ತಲೆ ಕೆಡಿಸಿಕೊಂಡಿಲ್ಲ.

ಆ ರೌಟರ್‌ಗಳಿಂದ ಇನ್ನೊಂದು ಕಾಟವಿತ್ತು. ಗೋಡೆಯಿಂದ ಬಂದ ಕೇಬಲ್ಲನ್ನು ಹೊರಗಿನ ಲೈನ್‌ಗಿರುವ ವ್ಯಾನ್ ಪೋರ್ಟ್‌ಗೆ ಹಾಕುವ ಬದಲು ಒಳಗಿನ ಸಾಧನಗಳಿಗಿರುವ ಲ್ಯಾನ್ ಪೋರ್ಟ್‌ಗೆ ಚುಚ್ಚಿದರೆ, ಆ ರೌಟರ್ ಇಡೀ ಫ್ಲೋರ್‌ಗೆ ತಪ್ಪು ಐಪಿ ಹಂಚಲು ಕೂರುತ್ತದೆ. ವೈಫೈ ಕನೆಕ್ಟ್ ಆಗಿದೆ, ನೆಟ್ ಮಾತ್ರ ಇಲ್ಲ. ಸ್ವಿಚ್‌ಗಳಲ್ಲಿ (ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆಗಳು) ಡಿಎಚ್‌ಸಿಪಿ ಸ್ನೂಪಿಂಗ್, ಅಂದರೆ ಐಪಿ ಹಂಚುವವರ ಮೇಲೆ ಕಣ್ಣಿಡುವ ವ್ಯವಸ್ಥೆ, ಆನ್ ಮಾಡಿ, ಮೇಲಿನಿಂದ ಬರುವ ಒಂದು ಪೋರ್ಟನ್ನು ಮಾತ್ರ ನಂಬು ಅಂದ ಮೇಲೆ ಅದು ನಿಂತಿತು.

ಇಷ್ಟಾದರೂ ಮೂಲೆ ರೂಮುಗಳ ದೂರು ನಿಲ್ಲಲಿಲ್ಲ. ಅದು ಲೈನ್‌ನದ್ದಲ್ಲ, ಗಾಳಿಯದ್ದು, ಅಂದರೆ ವೈಫೈ ಸಿಗ್ನಲ್‌ನದ್ದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಆಟೋ ತೆಗೆದು ಚಾನೆಲ್‌ಗಳನ್ನು ವೈಫೈ ಪೆಟ್ಟಿಗೆಗಳಿಗೆ ಕೈಯಾರೆ ಹಂಚಿದೆ, ಪವರ್ ತಗ್ಗಿಸಿದೆ, 1 ಮತ್ತು 2 ಎಂಬಿಪಿಎಸ್‌ನ ಹಳೇ ವೇಗಗಳನ್ನು ಆಫ್ ಮಾಡಿದೆ. ದೂರದ ಫೋನ್ ಆ ವೇಗದಲ್ಲಿ ತೆವಳುತ್ತಾ ಇದ್ದರೆ ಅಷ್ಟು ಹೊತ್ತು ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು, ಅಲ್ವಾ.

ಐಪಿಎಲ್ ಸಂಜೆಗಳದ್ದೇ ಬೇರೆ ಕತೆ. ನೂರು ಜನ ನೋಡಿದರೆ ನೂರು ಪ್ರತ್ಯೇಕ ಸ್ಟ್ರೀಮ್. ಪಾಲು ಮೂರು ಎಂಬಿಪಿಎಸ್‌ಗಿಂತ ಕೆಳಗಿಳಿದರೆ ಆ್ಯಪ್ ಚಿತ್ರದ ಗುಣಮಟ್ಟ ಇಳಿಸಿಕೊಳ್ಳುತ್ತದೆ, ನಿಲ್ಲುವುದಿಲ್ಲ. ಆದರೂ ಕಾಮನ್ ರೂಮಿಗೆ ಒಂದು ಪ್ರೊಜೆಕ್ಟರ್ ಕೊಡಿ ಅಂತ ವಾರ್ಡನ್ ಸರ್‌ಗೆ ಕೇಳಿದೆ, ಕೊಟ್ಟರು. ಆರ್‌ಸಿಬಿ ಮ್ಯಾಚ್ ದಿನ ಲೈನ್ ಬಳಕೆಯ ಗ್ರಾಫ್ ನೋಡಬೇಕು, ಏಳೂವರೆಗೆ ಇಳಿಯಲು ಶುರುವಾಗುತ್ತದೆ.

ಈಗ ಲೇಡೀಸ್ ಹಾಸ್ಟೆಲ್‌ನಲ್ಲೂ ಇದನ್ನೇ ಮಾಡಬೇಕಿದೆ. ಅಲ್ಲಿನ ಸ್ವಿಚ್‌ಗಳು ಹಳೆಯವು, ಸ್ನೂಪಿಂಗ್ ಇಲ್ಲ. ಹೊಸದರ ಕೊಟೇಶನ್ ಆಫೀಸಿನ ಟೇಬಲ್ ಮೇಲಿದೆ.